ಪಿಸ್ತೂಲಿನ ಮ್ಯಾಗಜಿನ್‌ಗೆ ಉದ್ದನೆಯ ಬೇಸ್ ಪ್ಲೇಟ್: ನಂಬಬಹುದೇ?

ಪ್ರಶ್ನೆ (ಟೆಕ್ಸಸ್‌ನ ಡಲ್ಲಾಸ್‌ನ ಸದಸ್ಯರು): ಸರ್, ನನ್ನದು ಗ್ಲಾಕ್ 17. ಯುಎಸ್‌ಪಿಎಸ್‌ಎ (ಅಮೆರಿಕದ ಶೂಟಿಂಗ್ ಸಂಸ್ಥೆ) ಸ್ಪರ್ಧೆಯ ಕ್ಯಾರಿ ಆಪ್ಟಿಕ್ಸ್ (ಚುಕ್ಕಿ ತೋರುವ ಗುರಿಸಾಧನವಿರುವ ಪಿಸ್ತೂಲುಗಳ) ವಿಭಾಗಕ್ಕೆಂದು ಮ್ಯಾಗಜಿನ್ನಿಗೆ (ಗುಂಡು ತುಂಬುವ ಡಬ್ಬಿ) ಉದ್ದನೆಯ ಅಲ್ಯೂಮಿನಿಯಂ ಬೇಸ್ ಪ್ಲೇಟ್ (ತಳದ ಮುಚ್ಚಳ) ಹಾಕಿಸಿದೆ. 17ರ ಬದಲು 22 ಗುಂಡು ಹಿಡಿಯುತ್ತದೆ. ಆದರೆ ಕೊನೆಯ ಎರಡು ಮೂರು ಗುಂಡುಗಳು ಸಿಕ್ಕಿಹಾಕಿಕೊಳ್ಳುತ್ತವೆ. ಖಾಲಿಯಾದ ಮೇಲೆ ಸ್ಲೈಡ್ (ಪಿಸ್ತೂಲಿನ ಮೇಲ್ಭಾಗದ ಜಾರುವ ಭಾಗ) ಹಿಂದೆ ನಿಲ್ಲುವುದೂ ಇಲ್ಲ. ಪ್ಲೇಟ್ ಕಳಪೆಯೇ?

ಉತ್ತರ (ಬಂದೂಕು ದುರಸ್ತಿಗಾರರು): ಪ್ಲೇಟನ್ನು ದೂರುವ ಮೊದಲು ಹೇಳಿ, ಒಳಗಿನ ಸ್ಪ್ರಿಂಗ್ ಬದಲಾಯಿಸಿದ್ದೀರಾ? ಕಂಪನಿಯ ಹಳೆಯದೇ ಇದ್ದರೆ ಉತ್ತರ ಅಲ್ಲೇ ಇದೆ. ಮ್ಯಾಗಜಿನ್ ತುಂಬಿರುವಾಗ ಸ್ಪ್ರಿಂಗ್ ಅದುಮಿಕೊಂಡು ಬಲವಾಗಿರುತ್ತದೆ. ಕೊನೆಯ ಗುಂಡಿನ ಹೊತ್ತಿಗೆ ಚಾಚಿಕೊಂಡು ಸೊರಗಿರುತ್ತದೆ. ನೀವು ತಳವನ್ನು ಕೆಳಗಿಳಿಸಿದ್ದೀರಿ, ಸ್ಪ್ರಿಂಗ್ ಮಾತ್ರ ಅಷ್ಟೇ ಉದ್ದ. ಅದು ಗುಂಡನ್ನು ಮೇಲಕ್ಕೆತ್ತುವಷ್ಟರಲ್ಲಿ ಸ್ಲೈಡ್ ಮುಂದೆ ಧಾವಿಸಿರುತ್ತದೆ, ಗುಂಡಿನ ಮೂತಿ ಕೆಳಗೆ ಬಾಗುತ್ತದೆ. ಸ್ಲೈಡ್ ತಡೆಯುವ ಲಿವರನ್ನು ಮೇಲೆ ತಳ್ಳುವುದೂ ಅದೇ ಸ್ಪ್ರಿಂಗಿನ ಬಲದಿಂದ ಏರುವ ಫಾಲೋವರ್ (ಗುಂಡುಗಳ ಅಡಿಯ ತಟ್ಟೆ). ಹಾಗಾಗಿ ನಿಮ್ಮ ಎರಡು ದೂರುಗಳ ಮೂಲ ಒಂದೇ. ಆ ಪ್ಲೇಟಿಗೆಂದೇ ಮಾಡಿದ ಉದ್ದನೆಯ, ಬಿಗಿಯಾದ ಸ್ಪ್ರಿಂಗ್ ಹಾಕಿ. ಸ್ಪ್ರಿಂಗ್ ಇಲ್ಲದೆ ಪ್ಲೇಟ್ ಮಾತ್ರ ಮಾರುವವರಿಂದ ನಾನಂತೂ ಕೊಳ್ಳುವುದಿಲ್ಲ.

ಅದೇ ಸದಸ್ಯರು: ಹಾಕಿದೆ ಸರ್. ಸ್ಲೈಡ್ ಈಗ ಸರಿಯಾಗಿ ನಿಲ್ಲುತ್ತದೆ. ಆದರೆ 22 ತುಂಬಿ, ಸ್ಲೈಡ್ ಮುಚ್ಚಿರುವಾಗ ಮ್ಯಾಗಜಿನ್ ಕೂರುವುದೇ ಇಲ್ಲ.

ಉತ್ತರ: 21 ತುಂಬಿ. ಸ್ಲೈಡ್ ಮುಚ್ಚಿದ್ದರೆ ಮೇಲಿನ ಗುಂಡು ತುಸು ಕೆಳಗೆ ಸರಿಯಬೇಕು. ಸ್ಪ್ರಿಂಗಿನ ಸುರುಳಿಗಳು ಒಂದರ ಮೇಲೊಂದು ಕೂತುಬಿಟ್ಟರೆ ಸರಿಯಲು ಜಾಗವೆಲ್ಲಿ? ಪೆಟ್ಟಿಗೆಯ ಮೇಲೆ ಅಚ್ಚು ಹಾಕಿದ ಸಂಖ್ಯೆ ವ್ಯಾಪಾರದ್ದು. ಇನ್ನೊಂದು, ಖಾಲಿ ಮ್ಯಾಗಜಿನ್ನಿನ ಫಾಲೋವರನ್ನು ಪೆನ್ನಿನಿಂದ ನಿಧಾನವಾಗಿ ಕೆಳಗೆ ಒತ್ತಿ ಬಿಡಿ. ಎಲ್ಲಾದರೂ ಕಿರುಗುಟ್ಟಿದರೆ, ಮ್ಯಾಗಜಿನ್ನಿನ ಕೊಳವೆಯೂ ಪ್ಲೇಟೂ ಕೂಡುವಲ್ಲಿ ಸುರುಳಿ ತಗಲುತ್ತಿದೆ ಎಂದರ್ಥ. ನಿಮ್ಮ ವಿಭಾಗದಲ್ಲಿ ಮ್ಯಾಗಜಿನ್ ಉದ್ದದ ಮಿತಿ 141.25 ಮಿಲಿಮೀಟರ್, ಅದನ್ನೂ ಅಳೆದುಕೊಳ್ಳಿ.

ಮತ್ತೊಬ್ಬ ಸದಸ್ಯೆ: ಆತ್ಮರಕ್ಷಣೆಗೆ ಇಟ್ಟುಕೊಂಡ ಪಿಸ್ತೂಲಿಗೂ ಇದನ್ನು ಹಾಕಬಹುದೇ?

ಉತ್ತರ: ಬೇಡ ಮೇಡಂ. ಸ್ಪರ್ಧೆಯಲ್ಲಿ ಗುಂಡು ಸಿಕ್ಕಿಕೊಂಡರೆ ಅಂಕ ಹೋಗುತ್ತದೆ, ಅಷ್ಟೆ. ಲೋಹದ ಭಾರದ ಪ್ಲೇಟ್ ಹಾಕಿದ ತುಂಬಿದ ಮ್ಯಾಗಜಿನ್ ಕಾಂಕ್ರೀಟಿನ ಮೇಲೆ ಬಿದ್ದರೆ ಪ್ಲೇಟ್ ಕಳಚಿ, ಸ್ಪ್ರಿಂಗ್, ಗುಂಡು ಎಲ್ಲ ಚೆಲ್ಲಾಪಿಲ್ಲಿಯಾಗಬಹುದು. ಹೆಚ್ಚು ಬೇಕೇಬೇಕೆಂದರೆ ಗ್ಲಾಕ್ ಕಂಪನಿಯದೇ ಎರಡು ಗುಂಡು ಹೆಚ್ಚಿಸುವ ಪ್ಲಾಸ್ಟಿಕ್ ಪ್ಲೇಟ್ ಇದೆ. ಅದನ್ನೂ ರೇಂಜಿನಲ್ಲಿ ಪೂರ್ತಿ ತುಂಬಿ, ಒಂದೇ ಕೈಯಲ್ಲಿ ಹಿಡಿದೂ ಹಾರಿಸಿ ನೋಡಿ. ಪ್ರತಿ ಮ್ಯಾಗಜಿನ್ ಮೇಲೆ ಮಾರ್ಕರಿನಿಂದ ಸಂಖ್ಯೆ ಬರೆಯಿರಿ. ಇಲ್ಲದಿದ್ದರೆ ಕೈಕೊಡುವುದು ಯಾವುದೆಂದು ಎಂದಿಗೂ ತಿಳಿಯುವುದಿಲ್ಲ.

ಮೊದಲ ಸದಸ್ಯರು: ಕೊನೆಯದಾಗಿ ಸರ್. ಕೆಲಸ ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಗೆ ವರ್ಗವಾಗುವಂತಿದೆ. ಪ್ಲೇಟ್ ಬಿಚ್ಚಿ, ಮ್ಯಾಗಜಿನ್ ಒಯ್ಯಬಹುದಲ್ಲವೇ?

ಉತ್ತರ: ಕ್ಯಾಲಿಫೋರ್ನಿಯಾದ ಮಿತಿ 10 ಗುಂಡು. ಪ್ಲೇಟ್ ಬಿಚ್ಚಿದರೂ ನಿಮ್ಮದು 17ರದೇ. ಕೊಲರಾಡೊದಲ್ಲಿ 15, ನ್ಯೂಜೆರ್ಸಿಯಲ್ಲಿ 10. ರಾಜ್ಯದಿಂದ ರಾಜ್ಯಕ್ಕೆ ಕಾನೂನು ಬೇರೆ. ಟೆಕ್ಸಸ್‌ನಲ್ಲೇ ಮಾರಿ, ಅಲ್ಲಿಗೆ ಹೋದಮೇಲೆ 10ರ ಮ್ಯಾಗಜಿನ್ ಕೊಳ್ಳಿ. ಹೊರಡುವ ಮುನ್ನ ಅಲ್ಲಿನ ವಕೀಲರೊಬ್ಬರನ್ನು ಕೇಳಿ, ಪಿಸ್ತೂಲನ್ನು ಒಯ್ಯುವ ವಿಷಯದಲ್ಲೂ ನಿಯಮಗಳಿವೆ.