ಬಳ್ಳಾರಿ, ರಾಯಚೂರು, ಕೊಪ್ಪಳ: ಮೂರರಲ್ಲಿ ಬೇಡ ಅನ್ನಬೇಕಾದ ಊರು ಯಾವುದು?

ಶರಾವತಿ_ದಂಡೆ (ಪ್ರಶ್ನೆ):

ಪ್ರಮೋಷನ್ ಜೊತೆಗೇ ವರ್ಗಾವಣೆ. ಬಳ್ಳಾರಿ, ರಾಯಚೂರು, ಕೊಪ್ಪಳ ಈ ಮೂರರಲ್ಲಿ ಎರಡನ್ನು ಬರೆದುಕೊಡಿ ಅಂದಿದ್ದಾರೆ. ಅಂದರೆ ಒಂದನ್ನು ಬಿಡಬಹುದು. ಯಾವುದನ್ನು ಬಿಡಲಿ?

ಮನೆಯಲ್ಲಿ ನಾಲ್ಕು ಜನ. ಅತ್ತೆಗೆ ಉಬ್ಬಸ ಇದೆ, ಮಗಳಿಗೆ ಏಳು ವರ್ಷ. ನೆಟ್‌ನಲ್ಲಿ ಹುಡುಕಿದರೆ "ಬಿಸಿಲು, ಧೂಳು, ಹೋಗಬೇಡಿ" ಅನ್ನುವುದು ಬಿಟ್ಟು ಬೇರೇನೂ ಸಿಗಲಿಲ್ಲ. ಗಾಳಿ, ನೀರು, ಆಸ್ಪತ್ರೆ, ಇಷ್ಟರ ಬಗ್ಗೆ ಗೊತ್ತಿರುವವರು ಬಿಡಿಸಿ ಹೇಳಿ. ಜನ ಒಳ್ಳೆಯವರು ಅಂತ ಎಲ್ಲರೂ ಹೇಳುತ್ತಾರೆ, ಅದನ್ನು ನಂಬಿದ್ದೇನೆ, ಅದು ಬೇಡ.

ಗವಿಮಠದ_ಓಣಿ:

ಮೇಡಂ, ಕೊಪ್ಪಳ ನಮ್ಮೂರ. ಆದ್ರೂ ಉಬ್ಬಸ ಅಂದ್ರಲ್ಲ, ಅದಕ್ಕ ಮೊದ್ಲು ನಮ್ಮೂರಿನ ಗಾಳಿ ಕತಿನ ಹೇಳ್ತೀನಿ.

ಊರಿನ ಮೂಡಣ ದಿಕ್ಕಿಗೆ, ಹೊಸಪೇಟೆ ರಸ್ತಾದಾಗ, ಗಿಣಿಗೇರಿ, ಹಿರೇಬಗನಾಳ, ಅಲ್ಲಾನಗರ ಸುತ್ತ ಸ್ಪಾಂಜ್ ಐರನ್ ಮತ್ತ ಉಕ್ಕಿನ ಕಾರ್ಖಾನಿ ಅದಾವ. ಅದಿರು, ಕಲ್ಲಿದ್ದಲು ಕೂಡಿಸಿ ತಿರುಗೋ ಕುಲುಮ್ಯಾಗ ಸುಡ್ತಾರ. ಹೊಗಿ ಒಳಗಿನ ಧೂಳು ಹಿಡಿಯಾಕ ಇಎಸ್‌ಪಿ ಅಂತ ಯಂತ್ರ ಇರ್ತದ. ಅದು ನಡದ್ರ ಹೊಗಿ ಬೆಳ್ಳಗ, ತೆಳ್ಳಗ. ಬಂದ್ ಆದ್ರ ಕರ್ರಗ ಕಾಡಿಗಿ ಹಂಗ. ಜನರ ತಕರಾರು ಇರೋದು ರಾತ್ರಿ ಬಗ್ಗೆ. ಹಗಲು ಹೋಗಿ ಚಿಮಣಿ ನೋಡಿ "ಏನೂ ಇಲ್ಲಲ್ಲ" ಅಂದ್ರ ಉಪಯೋಗ ಇಲ್ಲ.

ಗಾಳಿ ಲೆಕ್ಕ ಹಿಂಗ ಐತಿ. ಜೂನ್‌ನಿಂದ ಸೆಪ್ಟೆಂಬರ್ ತನಕ ಪಡುವಣ ಗಾಳಿ, ಧೂಳು ಊರು ಬಿಟ್ಟು ಆ ಕಡಿ ಹೋಗ್ತದ. ನವೆಂಬರ್‌ನಿಂದ ಫೆಬ್ರವರಿ ತನಕ ಮೂಡಗಾಳಿ, ಅದು ಊರ ಕಡಿ. ಮ್ಯಾಲೆ ಚಳಿಗೆ ಹೊಗಿ ಎತ್ತರಕ್ಕ ಏರಂಗಿಲ್ಲ, ನೆಲಕ್ಕ ಕೂತು ಬಿಡ್ತದ. ಉಬ್ಬಸದವರಿಗೆ ತ್ರಾಸು ಆಗೋದು ಆಗ, ಬ್ಯಾಸಗಿಯೊಳಗ ಅಲ್ಲ. ಹೊರಗಿನವರು ಮೇ ತಿಂಗಳಿಗೆ ಬಂದು ಮನಿ ನೋಡ್ತಾರ, ಬಿಸಿಲಿಗೆ ಬೈದು ಹೋಗ್ತಾರ, ಗಾಳಿ ಗೊತ್ತಾಗಂಗಿಲ್ಲ.

ಮನಿ ನೋಡಾಕ ಹೋದಾಗ ಒಂದು ಸಣ್ಣ ಆಯಸ್ಕಾಂತ ಕಿಸೇದಾಗ ಇಟ್ಕೊಂಡು ಹೋಗ್ರಿ. ಮಾಳಿಗಿ ಹತ್ತಿ, ನೀರಿನ ಟಾಕಿ ಹಿಂದ ಮಳಿ ಹತ್ತದ ಮೂಲ್ಯಾಗಿನ ಧೂಳು ಒಂದು ಕಾಗದಕ್ಕ ಬಳದು, ಕೆಳಗ ಆಯಸ್ಕಾಂತ ಹಿಡಿದು ಎಳೀರಿ. ಕಣಗಳು ಜೊತಿಗೆ ಸರದ್ರ ಅದು ಕಾರ್ಖಾನಿ ಕಬ್ಬಿಣದ್ದು. ಕೆಂಪಗಿದ್ದು ಸರೀಲಿಲ್ಲ ಅಂದ್ರ ರಸ್ತಾ ಮಣ್ಣು ಇಲ್ಲಾ ಅದಿರಿನ ಲಾರಿ ಧೂಳು. ಬೊಟ್ಟಿಗೆ ಕರ್ರಗ ಜಿಡ್ಡಿನಂಗ ಮೆತ್ತಿದ್ರ ಕಲ್ಲಿದ್ದಲ ಮಸಿ. ಮನಿ ಮಾಲೀಕರ ಮಾತಿಗಿಂತ ಇದು ಖರೆ.

ಗಾಳಿ ಎಷ್ಟು ಕೆಟ್ಟೈತಿ ಅಂತ ತೋರಿಸೋ ಸಮೀರ್ ಆ್ಯಪ್‌ನಾಗ ಕೊಪ್ಪಳದ ಅಂಕಿ ಸಿಗ್ತದ. ಮಾಪನ ಕೇಂದ್ರ ಇರೋದು ದಿವಟರ ನಗರದಾಗ, ಊರೊಳಗ. ಗಿಣಿಗೇರಿ ಮಗ್ಗಲು ಮನಿ ಹಿಡಿಯವರಿಗೆ ಆ ಅಂಕಿ ಲೆಕ್ಕಕ್ಕಿಲ್ಲ. 2025ರ ಫೆಬ್ರವರಿಯೊಳಗ ಗವಿಮಠದ ಅಜ್ಜಾರ (ಸ್ವಾಮಿಗಳು) ಬೀದಿಗೆ ಇಳದು "ಕಾರ್ಖಾನಿ ಬ್ಯಾಡ" ಅಂದ್ರು, ಊರಿಗೆ ಊರ ಬಂದ್ ಆಗಿತ್ತು. ಸುಮ್ಮನ ಆಗಿದ್ದಲ್ಲ ಅದು.

ಎರಡು_ನದಿ_ನಡುವೆ:

ಗಾಳಿ ಬಗ್ಗೆ ಮೇಲಿನವರು ಸರಿಯಾಗಿ ಹೇಳಿದ್ದಾರೆ. ರಾಯಚೂರಿನ ಸಮಸ್ಯೆ ಗಾಳಿಗಿಂತ ನೀರು. ಶಕ್ತಿನಗರದ ಉಷ್ಣ ಸ್ಥಾವರ (1,720 ಮೆಗಾವಾಟ್) ಊರಿಂದ ಸುಮಾರು 20 ಕಿ.ಮೀ. ದೂರ, ಕೃಷ್ಣೆಯ ದಂಡೆಗೆ. ಅದರ ಹಾರುಬೂದಿ ದೇವಸೂಗೂರು ಕಡೆಯವರಿಗೆ ಕಾಟ, ಊರೊಳಗೆ ಅಷ್ಟಿಲ್ಲ. ಯರಮರಸ್ ಸ್ಥಾವರ (1,600 ಮೆಗಾವಾಟ್) ಹತ್ತಿರದ್ದು, ಹಾಗಾಗಿ ಆ ಕಡೆಯ ಹೊಸ ಲೇಔಟುಗಳಲ್ಲಿ ಮನೆ ಬೇಡ.

ಈಗ ನೀರು. ಉತ್ತರಕ್ಕೆ ಕೃಷ್ಣಾ, ದಕ್ಷಿಣಕ್ಕೆ ತುಂಗಭದ್ರಾ, ನಡುವೆ ನಾವು. ಆದರೂ 2022ರ ಮೇ ಕೊನೆಯಲ್ಲಿ ನಳದ ನೀರು ಕುಡಿದು ಊರಿನ ಎಷ್ಟೋ ಜನ ವಾಂತಿಭೇದಿಯಿಂದ ಆಸ್ಪತ್ರೆ ಸೇರಿದರು, ಕೆಲವರು ತೀರಿಕೊಂಡರು. ಹೊಳೆಯಲ್ಲಿ ನೀರಿದ್ದರೆ ಸಾಲದು, ಅದು ಮನೆಗೆ ಬರುವ ದಾರಿ ನೋಡಬೇಕು. ದಿನ ಬಿಟ್ಟು ದಿನ ನೀರು ಬಿಡುವ ಯಾವ ಊರಲ್ಲೂ ಈ ಅಪಾಯ ಇದ್ದದ್ದೇ. ನೀರು ನಿಂತಾಗ ಪೈಪಿನೊಳಗೆ ಒತ್ತಡ ಇರುವುದಿಲ್ಲ. ಪೈಪು ಚರಂಡಿ ದಾಟುವಲ್ಲಿ ಬಿರುಕಿದ್ದರೆ ಹೊಲಸು ಒಳಗೆ ಇಳಿಯುತ್ತದೆ. ಮತ್ತೆ ನೀರು ಬಿಟ್ಟಾಗ ಮೊದಲು ಬರುವುದು ಅದೇ.

ಮೊದಲ ಹತ್ತು ನಿಮಿಷದ ನೀರನ್ನು ಸಂಪಿಗೆ ಬಿಡಬೇಡಿ, ಅಂಗಳಕ್ಕೆ ಹರಿಸಿ. ಕ್ಲೋರಿನ್ ನೋಡುವ ಹನಿ-ದ್ರಾವಣದ ಕಿಟ್ ತಂದಿಟ್ಟುಕೊಳ್ಳಿ. ನೀರಿಗೆ ಹಾಕಿದಾಗ ತಿಳಿ ಹಳದಿ ಬಂದರೆ ಕ್ಲೋರಿನ್ ಇದೆ. ಬಣ್ಣವೇ ಬರದಿದ್ದರೆ ಆ ದಿನದ ನೀರನ್ನು ಕುದಿಸದೆ ಕುಡಿಯುವಂತಿಲ್ಲ. ಕೊನೆಯ ಮನೆಯ ನಳದಲ್ಲೂ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಉಳಿದಿರಬೇಕು. ಸಂಪಿಗೆ ನೀವೇ ಹಾಕುವುದಾದರೆ 1,000 ಲೀಟರಿಗೆ ಹೊಸ ಬ್ಲೀಚಿಂಗ್ ಪೌಡರ್ 4 ಗ್ರಾಂ ಸಾಕು. ಬಕೆಟ್ ನೀರಿನಲ್ಲಿ ಕಲಸಿ, ಸುಣ್ಣ ತಳಕ್ಕೆ ಕೂತ ಮೇಲೆ ಮೇಲಿನ ತಿಳಿಯನ್ನು ಮಾತ್ರ ಸುರಿದು ಅರ್ಧ ಗಂಟೆ ಬಿಡಿ. ಬಾಯಿ ತೆರೆದಿಟ್ಟ ಹಳೇ ಪೌಡರಿನಲ್ಲಿ ಸತ್ವ ಹೋಗಿರುತ್ತದೆ.

ಮಗಳಿಗೆ ಏಳು ಅಂದಿರಿ. ಇದು ಮುಖ್ಯ. ಎಂಟು ವರ್ಷದವರೆಗೆ ಶಾಶ್ವತ ಹಲ್ಲುಗಳು ಒಳಗೆ ರೂಪುಗೊಳ್ಳುತ್ತಿರುತ್ತವೆ, ಆ ವಯಸ್ಸಲ್ಲಿ ಹೆಚ್ಚು ಫ್ಲೋರೈಡ್ ಹೋದರೆ ಕಂದು ಕಲೆ ಜೀವನಪೂರ್ತಿ. ರಾಯಚೂರು ಜಿಲ್ಲೆಯ ಬೋರುಗಳಲ್ಲೂ ಕೊಪ್ಪಳದ ಕುಷ್ಟಗಿ, ಯಲಬುರ್ಗಾ ಕಡೆಯ ಬೋರುಗಳಲ್ಲೂ ಫ್ಲೋರೈಡ್ ಇದೆ. ಲೀಟರಿಗೆ 1 ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು, 1.5 ದಾಟಿದರೆ ಕುಡಿಯಲು ಬೇಡ. ಕುದಿಸಿದರೆ ಹೋಗುವುದಿಲ್ಲ, ನೀರು ಆವಿಯಾಗಿ ಫ್ಲೋರೈಡ್ ಇನ್ನಷ್ಟು ಗಟ್ಟಿಯಾಗುತ್ತದೆ. ನೀರಿನಲ್ಲಿ ಕರಗಿದ ಒಟ್ಟು ಲವಣ ಅಳೆಯುವ ಟಿಡಿಎಸ್ ಮೀಟರಿಗೂ ಅದು ಬೇರೆಯಾಗಿ ಕಾಣುವುದಿಲ್ಲ. ಜಿಲ್ಲಾ ಕುಡಿಯುವ ನೀರಿನ ಪ್ರಯೋಗಾಲಯಕ್ಕೆ ಒಂದು ಲೀಟರ್ ಸ್ವಚ್ಛ ಪ್ಲಾಸ್ಟಿಕ್ ಬಾಟಲಿಯಲ್ಲಿ ಕೊಡಿ, ಗಾಜಿನದು ಬೇಡ. ಬೋರ್ ನೀರೇ ಗತಿಯಾದರೆ ಕುಡಿಯಲಿಕ್ಕಷ್ಟೇ ಅಲ್ಲ, ಅನ್ನ-ಬೇಳೆಗೂ ಆರ್‌ಒ ನೀರೇ ಆಗಬೇಕು. ಬಹಳ ಮನೆಗಳಲ್ಲಿ ತಪ್ಪುವುದು ಇಲ್ಲಿ.

ಆಸ್ಪತ್ರೆಗೆ ರಿಮ್ಸ್ ಇದೆ, ಒಪೆಕ್ ಇದೆ. ಅದಕ್ಕೂ ಮೀರಿದರೆ ಹೈದರಾಬಾದ್, ಬೆಂಗಳೂರಿನ ಅರ್ಧ ದೂರ. ಏಮ್ಸ್ ಕೊಡಿ ಅಂತ 2022ರಿಂದ ಊರಿನವರು ಧರಣಿ ಕೂತದ್ದು ಯಾಕೆ ಅನ್ನುವುದೂ ಇದರಲ್ಲೇ ಗೊತ್ತಾಗುತ್ತದೆ.

ಕೋಟೆಗುಡ್ಡ_ಬಳ್ಳಾರಿ:

ಬಳ್ಳಾರಿ ಹಾಕ್ರಿ ಮೊದಲನೇದಾಗಿ. ಜನ ವಿಮ್ಸ್ ಅಂತ ಕರೆಯೋ ದೊಡ್ಡ ಸರ್ಕಾರಿ ಆಸ್ಪತ್ರೆ ಐತೆ, ಅರ್ಧರಾತ್ರಿ ಉಸಿರು ಕಟ್ಟಿದರೆ ಊರು ಬಿಟ್ಟು ಓಡಬೇಕಾಗಿಲ್ಲ. ಕೊಪ್ಪಳದವರು ದೊಡ್ಡ ರೋಗಕ್ಕೆ ಈಗಲೂ ಹುಬ್ಬಳ್ಳಿ ದಾರಿ ಹಿಡೀತಾರೆ, ನೂರು ಕಿ.ಮೀ. ಮೇಲೆ. 2011ರ ಜನಗಣತಿ ಪ್ರಕಾರ ಇಲ್ಲಿ ನಾಲ್ಕು ಲಕ್ಷ ಜನ, ಕೊಪ್ಪಳದಾಗೆ ಒಂದು ಲಕ್ಷನೂ ಇಲ್ಲ. ತಜ್ಞ ಡಾಕ್ಟರು ಯಾವ ಊರಾಗೆ ಅಂಗಡಿ ತೆಗೀತಾರೆ ನೀವೇ ಹೇಳ್ರಿ.

ಧೂಳು ಇಲ್ಲ ಅನ್ನಲ್ಲ. ಕುಡಿತಿನಿ ಸ್ಥಾವರ, ತೋರಣಗಲ್ಲಿನ ಉಕ್ಕು, ಎರಡೂ ಪಶ್ಚಿಮಕ್ಕೆ, ಹೊಸಪೇಟೆ ರಸ್ತೆಗೆ. ಮಳೆಗಾಲದ ಗಾಳಿ ನಮ್ಮ ಕಡೆಗೇ ಬೀಸುತ್ತೆ, ಆದರೆ ದೂರ ಐತೆ, ಮಳೆ ಬಂದರೆ ಕೆಳಗೆ ಕೂರುತ್ತೆ. ಅದಿರಿನ ಲಾರಿ ಓಡಾಡೋ ಬೈಪಾಸ್ ಮಗ್ಗಲು ಮಾತ್ರ ಮನೆ ಹಿಡೀಬ್ಯಾಡ್ರಿ.

ನಮ್ಮ ತಾಪತ್ರಯ ಅಂದ್ರೆ ನೀರು ಬಿಡೋ ಸರದಿ. ತುಂಗಭದ್ರಾ ಕಾಲುವೆ ನೀರು ಅಲ್ಲೀಪುರದ ಕೆರೆ ತುಂಬಬೇಕು, ಆಮೇಲೆ ನಮಗೆ. ಕಾಲುವೆ ಬಂದ್ ಆದ ಮೇಲೆ ಕೆರೆಯಾಗೆ ಇರೋದೇ ಬೇಸಿಗೆ ದಾಟಿಸಬೇಕು. 2024ರ ಆಗಸ್ಟ್ 10ರ ರಾತ್ರಿ ಡ್ಯಾಮಿನ 33 ಗೇಟಿನಾಗೆ 19ನೇದು ಕೊಚ್ಚಿಹೋಯ್ತಲ್ಲ, ಸ್ಟಾಪ್‌ಲಾಗ್ (ತಾತ್ಕಾಲಿಕ ಗೇಟು) ಇಳಿಸೋಕೆ ಒಂದು ವಾರ ಹಿಡೀತು. ಆವಾಗ ರೈತರಷ್ಟೇ ಅಲ್ಲ, ಊರಿನ ಜನನೂ ಲೆಕ್ಕ ಹಾಕ್ತಾ ಕೂತಿದ್ದರು.

ಬಾಡಿಗೆ ಕೇಳೋ ಮುಂಚೆ ಸಂಪು ಎಷ್ಟು ಲೀಟರು ಕೇಳ್ರಿ. ತಲೆಗೆ ದಿನಕ್ಕೆ 100 ಲೀಟರ್ ಅಂದ್ರೆ ನಾಲ್ಕು ಜನಕ್ಕೆ 400. ವಾರಕ್ಕೊಮ್ಮೆ ನೀರು, ಒಂದು ದಿನ ತಡ, ಎಂಟು ದಿನಕ್ಕೆ 3,200. ಕೂಲರಿಗೆ ದಿನಾ 50ರಂತೆ 400 ಸೇರಿಸ್ರಿ. 3,600 ಆಯ್ತು. 5,000ದ ಸಂಪು, ಅದೂ ನಿಮ್ಮೊಬ್ಬರಿಗೇ ಇರಬೇಕು. ಮೂರು ಮನೆಗೆ ಒಂದೇ ಸಂಪು ಇದ್ದರೆ ಬಾಡಿಗೆ ಎಷ್ಟು ಕಮ್ಮಿ ಇದ್ದರೂ ಬ್ಯಾಡ, ಏಪ್ರಿಲ್‌ನಾಗೆ ಜಗಳ ಖಾಯಂ. ಪಕ್ಕದ ಮನೆಯವರನ್ನೇ ಕೇಳ್ರಿ: "ಹೋದ ಸಲ ನೀರು ಯಾವತ್ತು ಬಂತು, ಅದರ ಹಿಂದಿನ ಸಲ ಯಾವತ್ತು?" ಎರಡು ತಾರೀಕು ಸಿಕ್ಕರೆ ಸಾಕು.

ಪಟ್ಟಿ_ಪರಿಣತ:

ನೆಟ್‌ನಲ್ಲಿ ಏನೂ ಸಿಗಲಿಲ್ಲ ಅಂದಿರಲ್ಲ, ಕಾರಣ ಇದೆ. ಕೇಂದ್ರ ಸರ್ಕಾರ 2021ರ ಮಾರ್ಚ್‌ನಲ್ಲಿ ಹೊರಡಿಸಿದ ಸುಗಮ ಜೀವನ ಸೂಚ್ಯಂಕದಲ್ಲಿ 111 ಊರುಗಳಿದ್ದವು. ಸ್ಮಾರ್ಟ್ ಸಿಟಿ ಅಥವಾ ಹತ್ತು ಲಕ್ಷ ಜನಸಂಖ್ಯೆ ಇರುವ ಊರು ಮಾತ್ರ. ಈ ಮೂರೂ ಅದರಲ್ಲಿಲ್ಲ. ದೊಡ್ಡ ಊರುಗಳಲ್ಲಿ ಮೊದಲ ಸ್ಥಾನ ಬೆಂಗಳೂರಿಗೆ. ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲಿ ನಿಂತು ಓದಿದರೆ ಪಟ್ಟಿಯ ಬೆಲೆ ತಿಳಿಯುತ್ತದೆ. ಶುದ್ಧ ಗಾಳಿಯ ರಾಷ್ಟ್ರೀಯ ಕಾರ್ಯಕ್ರಮಕ್ಕೆ ಕರ್ನಾಟಕದಿಂದ ಸೇರಿದ್ದು ಬೆಂಗಳೂರು, ದಾವಣಗೆರೆ, ಹುಬ್ಬಳ್ಳಿ-ಧಾರವಾಡ, ಕಲಬುರಗಿ. ಬಳ್ಳಾರಿಯ ಹೆಸರಿಲ್ಲ ಅಂದ ಮಾತ್ರಕ್ಕೆ ಅಲ್ಲಿನ ಗಾಳಿ ಚೊಕ್ಕ ಅಂತಲ್ಲ.

ಡಮಾಸ್ಕಸ್ ವರ್ಷಗಳಿಂದ ಕೊನೆಗೆ ಬರುವ 173 ನಗರಗಳ ಜಾಗತಿಕ ವಾಸಯೋಗ್ಯತೆ ಪಟ್ಟಿ ಇದೆಯಲ್ಲ, ಅದರ ಒಂದು ಮುಖ್ಯ ಬಳಕೆ ಬಹುರಾಷ್ಟ್ರೀಯ ಕಂಪನಿಗಳು ಹೊರದೇಶಕ್ಕೆ ಕಳಿಸುವ ನೌಕರರಿಗೆ ಎಷ್ಟು ಕಷ್ಟಭತ್ಯೆ ಕೊಡಬೇಕು ಅಂತ ನೋಡುವುದು. ನಿಮಗೆ ಆ ಭತ್ಯೆಯೂ ಇಲ್ಲ.

ರಜೆಗೆ_ಮಾತ್ರ:

ವಾಸ ಇರಲಿ, ನಾಲ್ಕು ದಿನ ನೋಡಿ ಹೋಗುವವರಿಗೆ?

ಗವಿಮಠದ_ಓಣಿ:

ಮಾರ್ಚ್ ನಡುವಿನಿಂದ ಜೂನ್ ಮೊದಲ ವಾರದ ತನಕ ಬರಬ್ಯಾಡ್ರಿ, ಮೂರೂ ಊರು. ಕೋಟಿ ಬಂಡಿ ಹನ್ನೊಂದಕ್ಕ ಕಾದು ಕೆಂಡ ಆಗಿರ್ತದ. ಜನವರಿಗೆ ಬರ್ರಿ, ಗವಿಸಿದ್ಧೇಶ್ವರ ಜಾತ್ರಿ ಇರ್ತದ, ಗವಿಮಠದ ಹಂತೇಕ ಅಶೋಕನ ಶಾಸನ ನೋಡ್ರಿ. ಅಲ್ಲಿಂದ ರಾಯಚೂರಿಗೆ ರೈಲು ಹುಡುಕ್ತಾ ಕೂಡಬ್ಯಾಡ್ರಿ. ಮುನಿರಾಬಾದ್ ಕಡಿಯಿಂದ ಹೊಸ ಹಳಿ ಸಿಂಧನೂರ ತನಕ ಬಂದೈತಿ, ಮುಂದ ಬಸ್ಸ.

ಶರಾವತಿ_ದಂಡೆ:

ಎಲ್ಲರಿಗೂ ಧನ್ಯವಾದ. ಬಳ್ಳಾರಿ ಮೊದಲು, ರಾಯಚೂರು ಎರಡನೆಯದು ಅಂತ ಬರೆದುಕೊಡುತ್ತೇನೆ. ಕೊಪ್ಪಳದವರು ಬೇಜಾರು ಮಾಡಿಕೊಳ್ಳಬೇಡಿ. ಕೊನೆಯದೊಂದು: ಉಬ್ಬಸದವರ ಕೋಣೆಗೆ ಕೂಲರ್ ಇಡಬಹುದಾ? ನಮ್ಮ ಕಡೆ ಅದರ ಅಭ್ಯಾಸವೇ ಇಲ್ಲ.

ಎರಡು_ನದಿ_ನಡುವೆ:

ಇಡಬಹುದು, ಶುಚಿಯಾಗಿಟ್ಟರೆ. ಒಣಹವೆಯಲ್ಲಿ ಮಾತ್ರ ಕೆಲಸ ಮಾಡುತ್ತದೆ: ಹೊರಗೆ 42 ಡಿಗ್ರಿ, ತೇವಾಂಶ ಶೇ. 20 ಇದ್ದರೆ ಬರುವ ಗಾಳಿ 29–30ರ ಹತ್ತಿರ. ಮಳೆಗಾಲದಲ್ಲಿ ಬರೀ ಮುಗ್ಗಲು ಗಾಳಿ. ಕೂಲರನ್ನು ಕಿಟಕಿಯ ಹೊರಗೆ ಕೂರಿಸಿ, ಎದುರಿನ ಕಿಟಕಿ ಒಂದು ಗೇಣು ತೆರೆದಿಡಿ. ಕೋಣೆ ಮುಚ್ಚಿದರೆ ಜಿಗುಟು ಶುರುವಾಗುತ್ತದೆ, ಉಬ್ಬಸದವರಿಗೆ ಅದೇ ಕಷ್ಟ. ಹುಲ್ಲಿನ ಪ್ಯಾಡ್ ಪ್ರತಿ ಬೇಸಿಗೆಗೆ ಹೊಸದು ಹಾಕಿಸಿ, ಹಳೆಯದರಲ್ಲಿ ಬೂಷ್ಟು ಕೂತಿರುತ್ತದೆ. ಸ್ವಿಚ್ ಆರಿಸುವ ಮೊದಲು ಪಂಪು ನಿಲ್ಲಿಸಿ ಫ್ಯಾನು ಮಾತ್ರ ಇಪ್ಪತ್ತು ನಿಮಿಷ ಓಡಲಿ, ಪ್ಯಾಡ್ ಒಣಗುತ್ತದೆ. ಆರ್‌ಒ ಹೊರಹಾಕುವ ನೀರನ್ನು ಇದಕ್ಕೆ ಸುರಿಯಬೇಡಿ, ಉಪ್ಪು ಕಟ್ಟಿ ಪಂಪು ಹೋಗುತ್ತದೆ. ಅದು ನೆಲ ಒರೆಸಲು ಸರಿ. ತೊಟ್ಟಿಯನ್ನು ವಾರಕ್ಕೊಮ್ಮೆ ಪೂರ್ತಿ ಬರಿದು ಮಾಡಿ, ಗೋಡೆಗಳನ್ನು ತಿಕ್ಕಿ ತೊಳೆಯಿರಿ. ಡೆಂಗಿ ಸೊಳ್ಳೆಯ ಮೊಟ್ಟೆ ಗೋಡೆಗೆ ಅಂಟಿರುತ್ತದೆ, ನೀರು ಚೆಲ್ಲಿದರಷ್ಟೇ ಹೋಗುವುದಿಲ್ಲ.

ಮತ್ತೆ, ಮೇಲಿನ ಮಹಡಿ ಬೇಡ. ಆರ್‌ಸಿಸಿ ಚಾವಣಿ ಹಗಲು ಕುಡಿದ ಬಿಸಿಯನ್ನು ನಡುರಾತ್ರಿವರೆಗೆ ಕಕ್ಕುತ್ತದೆ. ಬೇರೆ ಮನೆ ಸಿಗಲೇ ಇಲ್ಲ ಅಂದರೆ ಫೆಬ್ರವರಿ ಕೊನೆಗೆ ಚಾವಣಿಗೆ ಎರಡು ಸಲ ಸುಣ್ಣ ಹೊಡೆಸಿ.