ಕಾಫಿಯ ಕಹಿಗೆ ಚಿಟಿಕೆ ಉಪ್ಪು: ಇದರಲ್ಲಿ ಹುರುಳಿದೆಯೇ?

ಪ್ರಶ್ನೆ (ಬ್ರಹ್ಮಪುರ, ಕಲಬುರಗಿ)

ನಮ್ಮದು ಮೊದಲಿನಿಂದಲೂ ಚಹಾದ ಮನೆ. ಹಾಸನದ ಸೊಸೆ ಬಂದ ಮೇಲೆ ಹಿತ್ತಾಳೆಯ ಫಿಲ್ಟರೂ ಬಂದು, ಈಗ ಬೆಳಿಗ್ಗೆ ಎಲ್ಲರಿಗೂ ಕಾಫಿಯೇ ಆಗಬೇಕು. ಆದರೆ ಚಿಕ್ಕಮಗಳೂರಿನಿಂದ ತರಿಸಿದ, ಚಿಕೋರಿ ಬೆರೆತ ಪುಡಿ ಅವಳ ತವರಿನಲ್ಲಿ ಹದವಾಗಿ ಇಳಿದರೆ, ಅದೇ ಪುಡಿ ಇಲ್ಲಿ ಗಂಟಲಲ್ಲಿ ಉಳಿಯುವಷ್ಟು ಕಹಿಯಾಗುತ್ತದೆ. ನನಗೆ ಸಕ್ಕರೆ ಕಾಯಿಲೆ ಇರುವುದರಿಂದ ಸಿಹಿ ಹೆಚ್ಚಿಸಿ ಅದನ್ನು ಮುಚ್ಚುವಂತಿಲ್ಲ. ಡಿಕಾಕ್ಷನ್ನಿಗೆ ಚಿಟಿಕೆ ಉಪ್ಪು ಹಾಕಿ ನೋಡಿ ಎಂದು ಪರಿಚಿತರೊಬ್ಬರು ಹೇಳಿದ್ದಾರೆ. ಹಾಲಿಗೆ ಉಪ್ಪು ಕೂಡದೆಂದು ಅತ್ತೆಯವರು ಒಪ್ಪುತ್ತಿಲ್ಲ. ತಿಳಿದವರು ದಯವಿಟ್ಟು ವಿವರಿಸಬೇಕು.

ಉತ್ತರ (ಬೀದರ್)

ಖಂಡಿತ ಹುರುಳಿದೆ. ಹಾಗಲಕಾಯಿಗೆ ಉಪ್ಪು ಸವರಿ ಹಿಂಡಿದಾಗ ಕಹಿ ರಸವೇ ಹೊರಹೋಗುತ್ತದೆ. ಕಾಫಿಯಲ್ಲಿ ಹಾಗಲ್ಲ, ಕಹಿ ಅಂಶ ಲೋಟದಲ್ಲೇ ಇರುತ್ತದೆ, ಆದರೆ ಉಪ್ಪಿನಲ್ಲಿರುವ ಸೋಡಿಯಂ ನಾಲಗೆಗೆ ಅದು ತಟ್ಟುವುದನ್ನು ತಗ್ಗಿಸುತ್ತದೆ. 1997ರಲ್ಲಿ ನೇಚರ್ ಪತ್ರಿಕೆಯಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ, ಕಹಿಯಾದ ಯೂರಿಯಾ ಮತ್ತು ಸಕ್ಕರೆ ಬೆರೆಸಿದ ನೀರಿಗೆ ಸೋಡಿಯಂ ಲವಣ ಸೇರಿಸಿದಾಗ ಕಹಿ ಕುಗ್ಗಿದ್ದಲ್ಲದೆ, ಅದರಡಿ ಅಡಗಿದ್ದ ಸಿಹಿಯೂ ಎದ್ದು ಬಂದಿತು. ಸಕ್ಕರೆ ಹೆಚ್ಚಿಸಲಾಗದ ನಿಮಗೆ ಇದು ನಿಜಕ್ಕೂ ಉಪಯೋಗದ ಮಾತು. ಉಪ್ಪಿನ ರುಚಿ ನಾಲಗೆಗೆ ಗೊತ್ತಾದರೆ ಹೆಚ್ಚಾಯಿತೆಂದೇ ಅರ್ಥ. ಮನೆಮಂದಿಯ ಡಿಕಾಕ್ಷನ್ನಿಗೆಲ್ಲ ಸೇರಿ ಬೆರಳ ತುದಿಗೆ ಅಂಟುವಷ್ಟು ಸಾಕು. ಅತ್ತೆಯವರ ಆಕ್ಷೇಪ ಆಧಾರವಿಲ್ಲದ್ದಲ್ಲ, ಆಯುರ್ವೇದವು ಹಾಲು ಮತ್ತು ಉಪ್ಪನ್ನು ವಿರುದ್ಧಾಹಾರವೆನ್ನುತ್ತದೆ. ಅವರ ಪಾಲಿನ ಡಿಕಾಕ್ಷನ್ ಮೊದಲೇ ತೆಗೆದಿಟ್ಟು, ಉಳಿದದ್ದಕ್ಕೆ ಉಪ್ಪು ಬೆರೆಸಿ.

ಉತ್ತರ (ಯಾದಗಿರಿ)

ಉಪ್ಪಿಗಿಂತ ಮೊದಲು ನೀರನ್ನು ನೋಡಬೇಕೆಂಬುದು ನನ್ನ ಅಭಿಪ್ರಾಯ. ಪುಡಿ ಒಂದೇ ಆಗಿದ್ದು ಊರು ಬದಲಾದಾಗ ರುಚಿ ಕೆಟ್ಟಿದ್ದರೆ, ನಡುವೆ ಬದಲಾಗಿರುವುದು ನೀರೇ. ನೀವು ಕಾಫಿಗೆ ಬೋರ್‌ವೆಲ್ ನೀರು ಬಳಸುತ್ತೀರಾ? ಶಹಾಬಾದ್, ಸೇಡಂ ಕಡೆಯದೆಲ್ಲ ಸುಣ್ಣಕಲ್ಲಿನ ನೆಲ. ಅಂಥ ನೆಲದ ಅಂತರ್ಜಲ ಗಡುಸಾಗಿರುತ್ತದೆ. ನೀರು ಕಾಯಿಸುವ ಪಾತ್ರೆಯ ತಳದಲ್ಲಿ, ಉಗುರಿನಿಂದ ಕೆರೆದರೆ ಹಕ್ಕಳೆಯಾಗಿ ಏಳುವ ಬಿಳಿ ಪದರ ಕಟ್ಟಿದ್ದರೆ ಅನುಮಾನವೇ ಬೇಡ. ಅಂಥ ನೀರಿನ ಬೈಕಾರ್ಬೊನೇಟ್ ಕಾಫಿಯ ನವಿರಾದ ಹುಳಿಯನ್ನು ನುಂಗಿಬಿಡುವುದರಿಂದ ಕಹಿಯೊಂದೇ ಮುಂದೆ ನಿಲ್ಲುತ್ತದೆ. ನೀರನ್ನು ಚೆನ್ನಾಗಿ ಕುದಿಸಿ, ಆರಿಸಿ, ಸುಣ್ಣ ತಳಕ್ಕಿಳಿದ ಮೇಲೆ ಮೇಲಿನ ತಿಳಿಯನ್ನಷ್ಟೇ ಬಗ್ಗಿಸಿಕೊಂಡು ಮತ್ತೆ ಕಾಯಿಸಿ ಬಳಸಿದರೆ ಗಡಸುತನ ಬಹಳಷ್ಟು ಇಳಿಯುತ್ತದೆ. ಕುದಿಯುವ ನೀರನ್ನು ನೇರವಾಗಿ ಪುಡಿಯ ಮೇಲೆ ಸುರಿಯದೆ ಅರ್ಧ ನಿಮಿಷ ಬಿಡಿ. ಇಳಿದ ಡಿಕಾಕ್ಷನ್ನನ್ನು ಮತ್ತೆ ಒಲೆಗೆ ಇಡಬೇಡಿ. ಹಾಲು ಬಿಸಿಯಿದ್ದರೆ ಸಾಕು.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಧನ್ಯವಾದಗಳು. ನೀರು ಬೋರ್‌ವೆಲ್‌ನದೇ, ಪಾತ್ರೆಯ ತಳದಲ್ಲಿ ನೀವು ಹೇಳಿದ ಪದರವೂ ಇದೆ. ಮನೆಯವರಿಗೆ ರಕ್ತದೊತ್ತಡವಿದೆ, ಅವರ ಕಾಫಿಗೆ ಉಪ್ಪು ಹಾಕಬಹುದೇ?

ಉತ್ತರ (ಬೀದರ್)

ದಿನಕ್ಕೆ ಒಟ್ಟು 5 ಗ್ರಾಂಗಿಂತ ಕಡಿಮೆ ಉಪ್ಪು ಸಾಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಕಾಫಿಗೆ ಬೀಳುವುದು ಅದರಲ್ಲಿ ಅತ್ಯಲ್ಪ. ಆದರೂ ವೈದ್ಯರು ಅವರಿಗೆ ಉಪ್ಪು ಕಡಿಮೆ ಮಾಡಲು ಹೇಳಿದ್ದರೆ ಅವರ ಲೋಟಕ್ಕೆ ಬೇಡ. ಈ ವಾರ ಉಪ್ಪಿಲ್ಲದೆ, ತಿಳಿ ನೀರಿನಲ್ಲಿ ಮಾತ್ರ ಮಾಡಿ ನೋಡಿ. ಪೊಟ್ಟಣದ ಮೇಲೆ ಚಿಕೋರಿಯ ಪ್ರಮಾಣವನ್ನೂ ಓದಿ ತಿಳಿಸಿ. ನಿಯಮದಂತೆ ಅದು ಶೇ. 49ರವರೆಗೂ ಇರಬಹುದು, ಹುರಿದ ಚಿಕೋರಿಗೂ ತನ್ನದೇ ಕಹಿಯುಂಟು.