ಸಹಾಯ ಬೇಕು: ಪಂಚಾಯತಿ ಅಧ್ಯಕ್ಷೆಯ ಗಂಡ ಹಿಂದೆ ಸರಿಯುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ನಾವು ಯಾದಗಿರಿ ಜಿಲ್ಲೆಯ ಸುರಪುರ ತಾಲ್ಲೂಕಿನವರು. ನನ್ನ ಪತ್ನಿ ಗ್ರಾಮ ಪಂಚಾಯತಿ ಅಧ್ಯಕ್ಷರು. ರಾಜ್ಯದ ಪಂಚಾಯತಿಗಳಲ್ಲಿ ಮಹಿಳೆಯರಿಗೆ ಶೇ 50ರಷ್ಟು ಮೀಸಲಾತಿಯೇನೋ ಇದೆ, ಆದರೆ ಕುಡಿಯುವ ನೀರಿನ ಮೋಟಾರು ಸುಟ್ಟರೂ, ಉದ್ಯೋಗ ಖಾತ್ರಿಯ ಕೂಲಿ ತಡವಾದರೂ ಜನರಿಂದ ಹಿಡಿದು ಸಿಬ್ಬಂದಿಯವರೆಗೆ ಎಲ್ಲರೂ ಫೋನ್ ಮಾಡುವುದು ನನಗೆ. ಬಿಲ್ ಪಾವತಿಗೆ ಬೇಕಾದ ಪತ್ನಿಯ ಡಿಜಿಟಲ್ ಸಹಿಯ ಡೋಂಗಲ್ಲನ್ನೂ (ಕಂಪ್ಯೂಟರಿಗೆ ಸಿಕ್ಕಿಸುವ ಪೆನ್‌ಡ್ರೈವ್‌ನಂಥ ಸಾಧನ) "ನೀವೇ ಇಟ್ಕೊಳ್ರಿ ಅಣ್ಣಾರ" ಎಂದು ನನ್ನ ಕೈಗೆ ಕೊಡಲು ಬಂದಾಗ ನಾನು ಒಪ್ಪಲಿಲ್ಲ.

ಸಭೆಯಿದ್ದ ದಿನ ಮನೆಯಲ್ಲಿ ರೊಟ್ಟಿ ಬಡಿಯುವವನು ನಾನೇ (ಇನ್ನೂ ದುಂಡಗೆ ಬರುವುದಿಲ್ಲ), ಅದಕ್ಕೆ ಕಟ್ಟೆಯ ಮೇಲಿನವರು ನಕ್ಕರೆ ನಗಲಿ. ನನ್ನ ಚಿಂತೆ ಬೇರೆ: ಮನೆಯಲ್ಲಿ ಲೆಕ್ಕಪತ್ರವನ್ನು ನನಗಿಂತ ಚೆನ್ನಾಗಿ ವಿವರಿಸುವ ಪತ್ನಿ ಗ್ರಾಮಸಭೆಯಲ್ಲಿ ಮೈಕ್ ಹಿಡಿದ ಕೂಡಲೇ ನನ್ನ ಮುಖ ನೋಡುತ್ತಾರೆ. ನಾನು ಸಭೆಗೆ ಹೋಗುವುದನ್ನೇ ನಿಲ್ಲಿಸಿದರೆ ಅವರ ಧೈರ್ಯ ಹೆಚ್ಚುವುದೋ, ಕುಗ್ಗುವುದೋ?

ಮೈಸೂರಿನ ಅಬ್ದುಲ್ ನಜೀರ್ ಸಾಬ್ ಗ್ರಾಮೀಣಾಭಿವೃದ್ಧಿ ಸಂಸ್ಥೆಯ ತರಬೇತಿ ಪಡೆದ ಅಧ್ಯಕ್ಷೆಯರು, ಅದರಲ್ಲೂ ಕಲಬುರಗಿ, ಬೀದರ್ ಭಾಗದವರು, ಮೊದಮೊದಲ ಸಭೆಗಳನ್ನು ಹೇಗೆ ನಿಭಾಯಿಸಿದಿರೆಂದು ದಯವಿಟ್ಟು ತಿಳಿಸಿ. ಕರೆ ಮಾಡಿದವರಿಗೆ ಬೇಸರವಾಗದಂತೆ ಆ ಕರೆಗಳನ್ನು ಪತ್ನಿಯತ್ತ ತಿರುಗಿಸುವ ಉಪಾಯವಿದ್ದರೆ ಅದನ್ನೂ ಹೇಳಿ. ನಿಮ್ಮ ಉತ್ತರಗಳನ್ನು ಅವರೇ ಓದುತ್ತಾರೆ.